ಎತ್ತರದಿಂದ ತೆಗೆದ ದೃಶ್ಯಕ್ಕೆ ಎಲ್ಲಿ ಕತ್ತರಿ ಹಾಕಬೇಕು?

ಡ್ರೋನ್‌ನಿಂದ ಚಿತ್ರೀಕರಿಸಿದ ದೃಶ್ಯಗಳನ್ನು ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಚೆಂದವಾಗಿಯೇ ಕಾಣುತ್ತದೆ. ಅಂಥ ಇಪ್ಪತ್ತು ಶಾಟ್‌ಗಳನ್ನು ಒಂದರ ಹಿಂದೊಂದು ಪೋಣಿಸಿ, ಹಿನ್ನೆಲೆಗೆ ಸಂಗೀತ ಹಾಕಿ ನೋಡಲು ಕುಳಿತರೆ ಮಾತ್ರ ಒಂದು ನಿಮಿಷ ತುಂಬುವುದರೊಳಗೆ ಗಮನ ಬೇರೆಡೆಗೆ ಹರಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆಯೆಂದರೆ ಶಾಟ್‌ಗಳನ್ನು ಇನ್ನಷ್ಟು ಚಿಕ್ಕದಾಗಿ ಕತ್ತರಿಸಿ ಎಂಬುದು. ಕಲಿಯುವ ದಿನಗಳಲ್ಲಿ ನಾನೂ ಹಾಗೆಯೇ ಮಾಡಿ, ನಾಲ್ಕು ನಿಮಿಷದ ಒಂದು ವಿಡಿಯೊದ ಪ್ರತಿ ಶಾಟನ್ನೂ ಎರಡೆರಡು ಸೆಕೆಂಡಿಗೆ ಇಳಿಸಿದ್ದೆ. ಮೊದಲು ಬರಿಯ ಬೇಸರ ತರಿಸುತ್ತಿದ್ದ ವಿಡಿಯೊ ಆಮೇಲೆ ಬೇಸರದ ಜೊತೆಗೆ ತಲೆನೋವನ್ನೂ ತರಿಸತೊಡಗಿತು.

ತಪ್ಪಿದ್ದದ್ದು ಅಳತೆಯಲ್ಲಲ್ಲ, ಓಘ ಎಂದರೇನು ಎಂಬ ತಿಳಿವಳಿಕೆಯಲ್ಲಿ. ನೋಡುವವನ ಕಣ್ಣಿಗೆ ಹೊಸ ಸಂಗತಿಗಳು ಎಷ್ಟು ಬೇಗ ಅಥವಾ ಎಷ್ಟು ನಿಧಾನವಾಗಿ ಸಿಗುತ್ತಿವೆ ಎಂಬುದೇ ಓಘ. ಶಾಟ್ ಎಷ್ಟು ಸೆಕೆಂಡು ಇದೆ ಎಂಬುದು ಅದರ ಒಂದು ಪರಿಣಾಮ ಮಾತ್ರ. ಹನ್ನೆರಡು ಸೆಕೆಂಡಿನ ಒಂದೇ ಶಾಟ್‌ನಲ್ಲಿ ಮೊದಲು ಮಂಜು, ಮಂಜಿನೊಳಗಿಂದ ಮರಗಳ ನೆತ್ತಿ, ಅವುಗಳ ನಡುವೆ ಒಂದು ದಾರಿ, ದಾರಿಯ ಕೊನೆಯಲ್ಲಿ ಒಂದು ಮನೆ ಹೀಗೆ ಒಂದೊಂದಾಗಿ ತೆರೆದುಕೊಳ್ಳುತ್ತ ಹೋದರೆ ಅದು ದೀರ್ಘವೆಂದು ಯಾರಿಗೂ ಅನಿಸುವುದಿಲ್ಲ. ಅದೇ ಮೂರು ಸೆಕೆಂಡಿನ ಶಾಟ್‌ನಲ್ಲಿ ಮೊದಲ ಫ್ರೇಮಿಗೂ ಕೊನೆಯ ಫ್ರೇಮಿಗೂ ವ್ಯತ್ಯಾಸವೇ ಇಲ್ಲದಿದ್ದರೆ ಎರಡನೆಯ ಸೆಕೆಂಡೇ ಹೆಚ್ಚಾಯಿತು.

ನೆಲದ ಮೇಲೆ ತೆಗೆದ ದೃಶ್ಯಗಳಲ್ಲಿ ಈ ಸಮಸ್ಯೆ ಇಷ್ಟು ತೀವ್ರವಾಗಿ ಕಾಡುವುದಿಲ್ಲ. ಅಲ್ಲಿ ಮುಖಗಳಿರುತ್ತವೆ, ಕೈಗಳಿರುತ್ತವೆ. ಒಬ್ಬರು ಬಾಗಿಲು ತೆರೆಯುತ್ತಾರೆ, ಇನ್ನೊಬ್ಬರು ತಿರುಗಿ ನೋಡುತ್ತಾರೆ, ಎಲ್ಲಿ ಕಟ್ ಮಾಡಬೇಕೆಂಬುದನ್ನು ಆ ಕ್ರಿಯೆಗಳೇ ಸಂಕಲನಕಾರನಿಗೆ ಹೇಳುತ್ತವೆ. ನೂರು ಮೀಟರ್ ಎತ್ತರದಿಂದ ಮನುಷ್ಯರು ಚುಕ್ಕಿಗಳಾಗುತ್ತಾರೆ, ಅವರ ಕ್ರಿಯೆಗಳು ಕಾಣುವುದೇ ಇಲ್ಲ. ಆಗ ಪರದೆಯ ಮೇಲೆ ನಡೆಯುವ ಏಕೈಕ ಘಟನೆಯೆಂದರೆ ಕ್ಯಾಮೆರಾದ ಚಲನೆ. ಆದ್ದರಿಂದ ಪ್ರತಿ ಚಲನೆಯನ್ನೂ ಒಂದು ಘಟನೆಯೆಂದೇ ಎಣಿಸಿ, ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿಗೆ ತಲುಪುತ್ತದೆ, ತಲುಪಿದ ಮೇಲೆ ಹೊಸದೇನು ಸಿಗುತ್ತದೆ ಎಂದು ಕೇಳಿಕೊಳ್ಳಬೇಕಾಗುತ್ತದೆ. ಎಲ್ಲಿಗೂ ತಲುಪದೆ ಸುಮ್ಮನೆ ತೇಲುವ ಶಾಟ್‌ಗಳೇ ನಮ್ಮ ಮೆಮೊರಿ ಕಾರ್ಡಿನಲ್ಲಿ ಹೆಚ್ಚಾಗಿರುತ್ತವೆ ಎಂಬುದು ಅಷ್ಟೇ ನಿಜ.

ಇಲ್ಲಿ ಒಂದು ಲೆಕ್ಕವನ್ನು ಅರ್ಥಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಪರದೆಯ ಮೇಲೆ ನಮಗೆ ಕಾಣುವ ವೇಗ ಡ್ರೋನ್ ಹಾರಿದ ವೇಗವಲ್ಲ. ಆ ವೇಗವನ್ನು ಎತ್ತರದಿಂದ ಭಾಗಿಸಿದಾಗ ಬರುವ ವೇಗ. ಅನೇಕ ಡ್ರೋನ್‌ಗಳಲ್ಲಿರುವ 24 ಮಿಲಿಮೀಟರ್ ಸಮಾನದ, ಅಂದರೆ 35 ಮಿಲಿಮೀಟರ್ ಫಿಲ್ಮ್ ಕ್ಯಾಮೆರಾದ 24 ಮಿಲಿಮೀಟರ್ ಲೆನ್ಸಿನಷ್ಟೇ ವಿಸ್ತಾರವನ್ನು ಕಾಣುವ ಅಗಲ ಲೆನ್ಸನ್ನೇ ತೆಗೆದುಕೊಳ್ಳಿ. ಕ್ಯಾಮೆರಾವನ್ನು ನೇರ ಕೆಳಕ್ಕೆ ತಿರುಗಿಸಿ 100 ಮೀಟರ್ ಎತ್ತರದಲ್ಲಿ ನಿಂತರೆ, 16:9 ಚೌಕಟ್ಟಿನೊಳಗೆ ಮೇಲಿನಿಂದ ಕೆಳಗಿನ ಅಂಚಿನವರೆಗೆ ಸುಮಾರು 80 ಮೀಟರಿನಷ್ಟು ನೆಲ ಕಾಣುತ್ತದೆ. ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಮುಂದೆ ಹಾರಿದರೆ ನೆಲದ ಮೇಲಿನ ಒಂದು ಬಂಡೆ ಚೌಕಟ್ಟನ್ನು ದಾಟಿಹೋಗಲು ಸುಮಾರು ಎಂಟು ಸೆಕೆಂಡು ಬೇಕು. ಅದೇ ವೇಗದಲ್ಲಿ 20 ಮೀಟರ್ ಎತ್ತರದಿಂದ ಹಾರಿದರೆ ಆ ಬಂಡೆ ಒಂದೂವರೆ ಸೆಕೆಂಡಿನ ಆಸುಪಾಸಿನಲ್ಲಿ ಕಣ್ಮರೆಯಾಗುತ್ತದೆ. ಡ್ರೋನ್‌ನ ವೇಗ ಒಂದಿಷ್ಟೂ ಬದಲಾಗಿಲ್ಲ, ಆದರೆ ನೋಡುವವನ ಅನುಭವ ಐದು ಪಟ್ಟು ಚುರುಕಾಗಿದೆ.

ಹಾಗಾಗಿ ವಿಡಿಯೊ ಸಪ್ಪೆಯಾಗಿದೆ ಎಂದೆನಿಸಿದಾಗ ನಾನು ಮೊದಲು ನೋಡುವುದು ಶಾಟ್‌ಗಳ ಉದ್ದವನ್ನಲ್ಲ, ಅವುಗಳ ಎತ್ತರವನ್ನು. ಹತ್ತರಲ್ಲಿ ಎಂಟು ಶಾಟ್‌ಗಳು ಒಂದೇ ಎತ್ತರದಿಂದ, ಒಂದೇ ಕೋನದಲ್ಲಿ ತೆಗೆದವಾಗಿದ್ದರೆ ಅವೆಲ್ಲವೂ ನೋಡುವವನ ಕಣ್ಣಿಗೆ ಒಂದೇ ವೇಗದಲ್ಲಿ ಸಾಗುತ್ತವೆ. ಎಷ್ಟೇ ಕತ್ತರಿಸಿದರೂ ಆ ಏಕತಾನತೆ ಹೋಗುವುದಿಲ್ಲ, ಏಕೆಂದರೆ ಅದು ಕಟ್‌ಗಳ ನಡುವಿನ ಅಂತರದಲ್ಲಿಲ್ಲ, ಚಿತ್ರದೊಳಗೇ ಇದೆ. ಮರದ ಎತ್ತರಕ್ಕಿಂತ ಕೆಳಗೆ ಹಾರಿಸಿದ ಎರಡು ಶಾಟ್‌ಗಳು, ನೇರ ಮೇಲಿನಿಂದ ತೆಗೆದ ಒಂದು, ಕ್ಯಾಮೆರಾ ಅಲುಗಾಡದೆ ನಿಂತಿರುವ ಒಂದು, ಇಷ್ಟನ್ನು ನಡುನಡುವೆ ಸೇರಿಸಿದರೆ ಉಳಿದ ಎತ್ತರದ ಶಾಟ್‌ಗಳಿಗೂ ಜೀವ ಬರುತ್ತದೆ. ಗಾಳಿಯಲ್ಲಿ ಸ್ಥಿರವಾಗಿ ನಿಂತು ತೆಗೆದ ಶಾಟನ್ನು ಬಹಳ ಮಂದಿ ಬಳಸುವುದೇ ಇಲ್ಲ. ಹಾರುವ ಯಂತ್ರ ಕೈಯಲ್ಲಿದ್ದ ಮೇಲೆ ನಿಲ್ಲುವುದೇಕೆ ಎಂಬ ಹುಮ್ಮಸ್ಸು ಅದಕ್ಕೆ ಕಾರಣವಿರಬಹುದು. ಆದರೆ ಚಲನೆಗಳ ಸಾಲಿನಲ್ಲಿ ಒಂದು ನಿಶ್ಚಲ ಶಾಟ್ ಬಂದಾಗ, ಅದರೊಳಗೆ ಸಾಗುವ ಒಂದೇ ಒಂದು ದೋಣಿ ಇಡೀ ಪರದೆಯನ್ನು ಹಿಡಿದಿಡಬಲ್ಲದು.

ಇನ್ನು ಯಾವ ಚಲನೆ ಏನನ್ನು ಹೇಳುತ್ತದೆ ಎಂಬ ಪ್ರಶ್ನೆ. ಮುಂದಕ್ಕೆ ಹಾರುವ ಶಾಟ್ ಒಂದು ನಿರೀಕ್ಷೆಯನ್ನು ಹುಟ್ಟಿಸುತ್ತದೆ, ಎಲ್ಲಿಗೋ ಹೋಗುತ್ತಿದ್ದೇವೆ ಎಂದು ನೋಡುವವನು ನಂಬುತ್ತಾನೆ, ಆದ್ದರಿಂದ ಕೊನೆಗೆ ಎಲ್ಲಿಗಾದರೂ ತಲುಪಿಸುವ ಹೊಣೆ ನಮ್ಮದಾಗುತ್ತದೆ. ಹಿಂದಕ್ಕೆ ಸರಿಯುವ ಶಾಟ್ ಚಿಕ್ಕದೊಂದನ್ನು ದೊಡ್ಡದರ ನಡುವೆ ಇರಿಸಿ ತೋರಿಸುತ್ತದೆ. ಇಲ್ಲಿ ಹೊಸ ಸಂಗತಿಗಳು ಅಂಚುಗಳಿಂದ ಒಳಗೆ ಬರುವುದರಿಂದ ಇದನ್ನು ತುಸು ದೀರ್ಘವಾಗಿಯೇ ಇಡಬಹುದು. ನೇರ ಮೇಲಿನ ಟಾಪ್ ಶಾಟ್‌ನಲ್ಲಿ ದಿಗಂತವಿಲ್ಲ, ಆಳವಿಲ್ಲ, ಎಲ್ಲವೂ ರಂಗೋಲಿಯಂತೆ ಚಪ್ಪಟೆಯಾಗಿ ಕಾಣುತ್ತದೆ. ವಿನ್ಯಾಸವನ್ನು ಕಣ್ಣು ಬಹುಬೇಗ ಗ್ರಹಿಸುವುದರಿಂದ ಇದಕ್ಕೆ ಎರಡು-ಮೂರು ಸೆಕೆಂಡು ಸಾಕು, ಒಳಗೆ ಏನಾದರೂ ಚಲಿಸುತ್ತಿದ್ದರೆ ಮಾತ್ರ ಹೆಚ್ಚು.

ಒಂದು ವಸ್ತುವಿನ ಸುತ್ತ ಸುತ್ತುವ ಆರ್ಬಿಟ್ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಒಂದು ಗುಂಡಿ ಒತ್ತಿದರೆ ಯಂತ್ರವೇ ಸುತ್ತು ಹಾಕುವುದರಿಂದ ಇದು ಎಲ್ಲರ ಬಳಿಯೂ ಧಾರಾಳವಾಗಿರುತ್ತದೆ, ಮತ್ತು ಧಾರಾಳವಾಗಿರುವುದರಿಂದಲೇ ಎಲ್ಲ ಕಡೆ ಸೇರಿಕೊಳ್ಳುತ್ತದೆ. ಆರ್ಬಿಟ್‌ನ ಸೊಗಸು ಇರುವುದು ನಡುವಿನ ವಸ್ತುವಿನಲ್ಲಲ್ಲ, ಅದರ ಹಿನ್ನೆಲೆ ಸರಿಯುವುದರಲ್ಲಿ. ಗೋಪುರದ ಹಿಂದೆ ಬರಿಯ ಆಕಾಶವಿದ್ದರೆ ಸುತ್ತಿದರೂ ಸುತ್ತಿದಂತೆ ಕಾಣುವುದಿಲ್ಲ. ಹಿಂದೆ ಬೆಟ್ಟದ ಸಾಲೊಂದಿದ್ದು, ಅದರ ಅಂಚಿನಲ್ಲಿ ಸೂರ್ಯ ಗೋಪುರದ ಮರೆಯಿಂದ ಹೊರಬಂದರೆ ಆಗ ಅದು ಶಾಟ್. ಪೂರ್ತಿ ಸುತ್ತನ್ನು ತೋರಿಸುವ ಅಗತ್ಯ ಎಂದೂ ಬೀಳುವುದಿಲ್ಲ. ಹಿನ್ನೆಲೆ ಒಮ್ಮೆ ಬದಲಾಯಿತು ಎಂದು ತಿಳಿಯುವಷ್ಟು, ಅಂದರೆ ಸುತ್ತಿನ ಎಂಟನೇ ಒಂದು ಭಾಗವೋ ಆರನೇ ಒಂದು ಭಾಗವೋ ಇದ್ದರೆ ಕೆಲಸವಾಯಿತು. ಎಡಕ್ಕೆ ತಿರುಗುವ ಆರ್ಬಿಟ್‌ನ ಬೆನ್ನಿಗೇ ಬಲಕ್ಕೆ ತಿರುಗುವುದನ್ನು ಇಟ್ಟರಂತೂ ನೋಡುವವನಿಗೆ ಕುಳಿತಲ್ಲೇ ಜೋಲಿ ಹೊಡೆದಂತಾಗುತ್ತದೆ.

ಈ ಮಾತುಗಳನ್ನು ಒಂದು ಶಾಟ್‌ನ ಮೇಲೆ ಪ್ರಯೋಗಿಸಿ ನೋಡೋಣ. ಕಡಲಂಚಿನ ಬಂಡೆಗಳ ಹಿಂದೆ ಒಂದು ದೀಪಸ್ತಂಭವಿದೆ. ಡ್ರೋನ್ ನೀರಿನ ಮೇಲಿಂದ ಬಂಡೆಯ ಕಡೆಗೆ ಬಂದು, ಬಂಡೆಯನ್ನು ಹತ್ತುವಂತೆ ಮೇಲೇರಿ, ಅದರ ಆಚೆ ಇರುವ ದೀಪಸ್ತಂಭವನ್ನು ತೋರಿಸುತ್ತದೆ. ಕ್ಲಿಪ್ 24 ಸೆಕೆಂಡು ಇದೆ. ಮೊದಲ ಮೂರು ಸೆಕೆಂಡು ಡ್ರೋನ್ ವೇಗ ಹಿಡಿಯುತ್ತಿದೆ, ಎರಡನೆಯ ಸೆಕೆಂಡಿನಲ್ಲಿ ಹಾರಿಸುವವನ ಹೆಬ್ಬೆರಳು ತುಸು ಜಾರಿ ಚೌಕಟ್ಟು ಬಲಕ್ಕೆ ವಾಲಿದೆ. ಮೂರರಿಂದ ಹನ್ನೊಂದರವರೆಗೆ ಬರಿಯ ನೀರು. ಹನ್ನೊಂದಕ್ಕೆ ಬಂಡೆ ಚೌಕಟ್ಟಿನ ಮುಕ್ಕಾಲು ಭಾಗವನ್ನು ತುಂಬುತ್ತದೆ, ಹದಿನಾಲ್ಕಕ್ಕೆ ಅದರ ನೆತ್ತಿಯ ಮೇಲೆ ದೀಪಸ್ತಂಭದ ಗಾಜಿನ ಕೋಣೆ ಇಣುಕುತ್ತದೆ, ಹದಿನೇಳಕ್ಕೆ ಪೂರ್ತಿ ಸ್ತಂಭ ಕಾಣುತ್ತದೆ. ಅಲ್ಲಿಂದ 24ರವರೆಗೆ ಡ್ರೋನ್ ಹತ್ತಿರ ಹೋಗುತ್ತಲೇ ಇರುತ್ತದೆ.

ಇದರಲ್ಲಿ ನಾನು ಉಳಿಸಿಕೊಳ್ಳುವುದು ಒಂಬತ್ತನೆಯ ಸೆಕೆಂಡಿನಿಂದ ಹದಿನೆಂಟರವರೆಗಿನ ಭಾಗವನ್ನು. ನೀರಿಗೆ ಎರಡು ಸೆಕೆಂಡು ಕೊಟ್ಟಾಗ ಅದು ನೀರೆಂದು ತಿಳಿಯುತ್ತದೆ. ಎಂಟು ಸೆಕೆಂಡು ಕೊಟ್ಟರೂ ಅದಕ್ಕಿಂತ ಹೆಚ್ಚೇನೂ ತಿಳಿಯುವುದಿಲ್ಲ. ಬಂಡೆ ಅಡ್ಡ ಬಂದಾಗ ನೋಟ ಕಟ್ಟಿದಂತಾಗುವ ಆ ಮೂರು ಸೆಕೆಂಡುಗಳನ್ನು ಮಾತ್ರ ಮುಟ್ಟಬಾರದು. ಅವಸರಪಟ್ಟು ಅಲ್ಲಿ ಕತ್ತರಿ ಹಾಕಿದರೆ ಸ್ತಂಭ ಕಾಣಿಸಿಕೊಳ್ಳುವುದಕ್ಕೆ ಅರ್ಥವೇ ಇರುವುದಿಲ್ಲ, ಏಕೆಂದರೆ ಮರೆಯಾಗಿದ್ದದ್ದು ಕಾಣಬೇಕಾದರೆ ಅದು ಮೊದಲು ಮರೆಯಾಗಿರಬೇಕು. ಸ್ತಂಭ ಪೂರ್ತಿ ಕಂಡ ಮೇಲೆ ಒಂದು ಸೆಕೆಂಡಿನಷ್ಟು ಉಸಿರಾಡಲು ಬಿಟ್ಟು ಕಟ್. ಅದರ ನಂತರದ ಆರು ಸೆಕೆಂಡುಗಳಲ್ಲಿ ಸ್ತಂಭ ದೊಡ್ಡದಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಹತ್ತಿರದ ನೋಟವೇ ಬೇಕಾದರೆ ನೇರವಾಗಿ ಗಾಜಿನ ಕೋಣೆಯ ಪಕ್ಕದಿಂದ ತೆಗೆದ ಇನ್ನೊಂದು ಶಾಟ್‌ಗೆ ಹೋಗುವುದು ಒಳ್ಳೆಯದು. ದೂರವನ್ನು ಕ್ರಮಿಸುವ ಕೆಲಸವನ್ನು ಡ್ರೋನ್‌ಗಿಂತ ಕಟ್ ಚೆನ್ನಾಗಿ ಮಾಡುತ್ತದೆ.

ಎರಡು ಶಾಟ್‌ಗಳನ್ನು ಜೋಡಿಸುವ ಜಾಗದಲ್ಲಿ ಗಮನಿಸಬೇಕಾದದ್ದು ದಿಕ್ಕು ಮತ್ತು ವೇಗ. ಮೊದಲ ಶಾಟ್‌ನಲ್ಲಿ ಚಿತ್ರ ಎಡದಿಂದ ಬಲಕ್ಕೆ ಸರಿಯುತ್ತಿದ್ದರೆ ಎರಡನೆಯದರಲ್ಲೂ ಅದೇ ದಿಕ್ಕಿಗೆ ಸರಿಯುವಾಗ ಕಟ್ ಕಣ್ಣಿಗೆ ಬೀಳುವುದೇ ಇಲ್ಲ. ಎರಡೂ ಶಾಟ್‌ಗಳು ಚಲನೆಯಲ್ಲಿರುವಾಗಲೇ ಕಟ್ ಮಾಡಿದರೆ ಓಟ ಮುಂದುವರಿಯುತ್ತದೆ. ಮೊದಲನೆಯದು ನಿಂತು, ಎರಡನೆಯದು ನಿಂತಲ್ಲಿಂದ ಹೊರಟರೆ ಅಲ್ಲೊಂದು ಅಲ್ಪವಿರಾಮ ಬೀಳುತ್ತದೆ. ಎರಡೂ ಬೇಕಾದವೇ, ಆದರೆ ಎಲ್ಲಿ ಯಾವುದು ಎಂಬುದು ನಮ್ಮ ಆಯ್ಕೆಯಾಗಿರಬೇಕು, ಆಕಸ್ಮಿಕವಾಗಿರಬಾರದು. ಜೊತೆಗೆ ಗಾತ್ರದಲ್ಲೂ ಅಂತರವಿರಬೇಕು. ಸೇತುವೆಯ 80 ಮೀಟರ್ ಎತ್ತರದ ನೋಟದಿಂದ ಅದೇ ಸೇತುವೆಯ 60 ಮೀಟರ್ ಎತ್ತರದ ನೋಟಕ್ಕೆ ಹೋದರೆ ಚಿತ್ರ ಕುಪ್ಪಳಿಸಿದಂತೆ ಕಾಣುತ್ತದೆ. 80 ಮೀಟರಿನಿಂದ ಸೇತುವೆಯ ಕಂಬದ ಬುಡಕ್ಕೆ ಇಳಿದರೆ ಅದೊಂದು ನಿರ್ಧಾರದಂತೆ ಕಾಣುತ್ತದೆ. ಈ ಕುಪ್ಪಳಿಕೆಯನ್ನು ಮುಚ್ಚಲು ಒಂದು ಚಿತ್ರ ಇನ್ನೊಂದರಲ್ಲಿ ಕರಗುವ ಡಿಸಾಲ್ವ್ ಹಾಕುವ ಅಭ್ಯಾಸ ವ್ಯಾಪಕವಾಗಿದೆ. ಡಿಸಾಲ್ವ್ ಸಮಯ ಸರಿದದ್ದನ್ನು ಹೇಳಲು ಒಳ್ಳೆಯ ಸಾಧನ, ಬೆಳಗಿನ ಕೆರೆ ಸಂಜೆಯ ಕೆರೆಯಾಗುವುದಕ್ಕೆ ಅದು ಒಪ್ಪುತ್ತದೆ. ಹೊಂದದ ಶಾಟ್‌ಗಳಿಗೆ ಹಾಕುವ ತೇಪೆಯಾಗಿ ಬಳಸಿದಾಗ ಮಾತ್ರ ಓಘವೆಲ್ಲ ಸಡಿಲವಾಗುತ್ತದೆ.

ನೆಲದ ಶಾಟ್‌ಗಳು ಕೈಯಲ್ಲಿದ್ದರೆ ಅವುಗಳನ್ನು ಧಾರಾಳವಾಗಿ ಸೇರಿಸಬೇಕು. ಮೇಲಿನಿಂದ ಕಂಡ ಹೊಲದಲ್ಲಿ ನಡೆಯುತ್ತಿರುವವನ ಕಾಲಿನ ಹತ್ತಿರದ ನೋಟವೊಂದು ಬಂದುಹೋದ ಮೇಲೆ, ಮತ್ತೆ ಮೇಲಿನಿಂದ ನೋಡುವಾಗ ಆ ಚುಕ್ಕಿ ಮನುಷ್ಯನಾಗಿರುತ್ತದೆ.

ವೇಗವನ್ನು ಸಂಕಲನದ ಮೇಜಿನ ಮೇಲೆ ಬದಲಿಸುವಾಗ ಸ್ವಲ್ಪ ಲೆಕ್ಕ ತಿಳಿದಿರಬೇಕು. ಸೆಕೆಂಡಿಗೆ 60 ಫ್ರೇಮುಗಳಂತೆ ಚಿತ್ರೀಕರಿಸಿದ್ದನ್ನು 24 ಫ್ರೇಮುಗಳ ಟೈಮ್‌ಲೈನಿನಲ್ಲಿ, ಅಂದರೆ ತಂತ್ರಾಂಶದಲ್ಲಿ ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ, ಫ್ರೇಮಿಗೆ ಫ್ರೇಮಿನಂತೆ ಹರಡಿದರೆ ಅದು ಮೂಲ ವೇಗದ ಶೇಕಡಾ 40ಕ್ಕೆ ಇಳಿದು, ನಾಲ್ಕು ಸೆಕೆಂಡಿನ ಕ್ಲಿಪ್ ಹತ್ತು ಸೆಕೆಂಡು ಓಡುತ್ತದೆ. ಅದನ್ನೇ ಅಲ್ಲಿ ಸಹಜ ವೇಗದಲ್ಲಿ ಓಡಿಸಲು ಹೋದರೆ 60ನ್ನು 24 ಸಮವಾಗಿ ಭಾಗಿಸುವುದಿಲ್ಲವಾದ್ದರಿಂದ ತಂತ್ರಾಂಶ ಒಮ್ಮೆ ಎರಡನೆಯ ಫ್ರೇಮನ್ನೂ ಒಮ್ಮೆ ಮೂರನೆಯ ಫ್ರೇಮನ್ನೂ ಆರಿಸಿಕೊಳ್ಳುತ್ತದೆ, ಚಲನೆ ತಡವರಿಸುತ್ತದೆ. 30 ಫ್ರೇಮುಗಳ ಟೈಮ್‌ಲೈನಿನಲ್ಲಿ ಈ ತೊಂದರೆಯಿಲ್ಲ. ಇನ್ನು ಎತ್ತರದ ಶಾಟ್‌ಗಳನ್ನು ನಿಧಾನಗೊಳಿಸುವುದರಿಂದ ಲಾಭ ಬಹಳ ಕಡಿಮೆ, ಮೊದಲೇ ಎಂಟು ಸೆಕೆಂಡಿಗೆ ಸರಿಯುತ್ತಿದ್ದ ಬಂಡೆ ಇಪ್ಪತ್ತು ಸೆಕೆಂಡು ತೆಗೆದುಕೊಳ್ಳುತ್ತದೆ, ಅಷ್ಟೆ. ನನ್ನ ಅನುಭವದಲ್ಲಿ ಅಂಥವನ್ನು ಒಂದೂವರೆ ಪಟ್ಟು ಅಥವಾ ಎರಡು ಪಟ್ಟು ವೇಗಗೊಳಿಸುವುದೇ ಹೆಚ್ಚು ಉಪಯುಕ್ತ. ಆದರೆ ಚೌಕಟ್ಟಿನೊಳಗೆ ನಡೆಯುವ ಜನ, ಅಲೆ, ಹಕ್ಕಿ, ಬಾವುಟ ಇದ್ದರೆ ಈ ಗುಟ್ಟು ರಟ್ಟಾಗುತ್ತದೆ. ಇರುವೆಗಳಂತೆ ಓಡುವ ದಾರಿಹೋಕರನ್ನು ಕಂಡ ಕೂಡಲೇ ನೋಡುವವನಿಗೆ ಮೋಸ ತಿಳಿಯುತ್ತದೆ. ಕಾಡು, ಕಲ್ಲು, ಖಾಲಿ ರಸ್ತೆ ಇಂಥವು ದೂರು ಹೇಳುವುದಿಲ್ಲ.

ಒಂದೇ ಶಾಟ್‌ನೊಳಗೆ ವೇಗವನ್ನು ಏರಿಸಿ ಇಳಿಸುವ ಸ್ಪೀಡ್ ರ‍್ಯಾಂಪ್ ಇದೇ ತತ್ವದ ವಿಸ್ತರಣೆ. ಮೇಲಿನ ದೀಪಸ್ತಂಭದ ಶಾಟ್‌ನಲ್ಲಿ ಬರಿಯ ನೀರಿನ ಎಂಟು ಸೆಕೆಂಡುಗಳನ್ನು ಕತ್ತರಿಸುವ ಬದಲು ನಾಲ್ಕು ಪಟ್ಟು ವೇಗಗೊಳಿಸಿ, ಬಂಡೆ ಸಮೀಪಿಸುವಾಗ ಸಹಜ ವೇಗಕ್ಕೆ ಮೆಲ್ಲಗೆ ಇಳಿಸಬಹುದು. ಸಂಗತಿ ಇಲ್ಲದ ಕಡೆ ಓಡಿ, ಇರುವ ಕಡೆ ನಿಲ್ಲುವುದು ಅದರ ಉದ್ದೇಶ. ಎರಡು ನಿಮಿಷದ ವಿಡಿಯೊದಲ್ಲಿ ಇದನ್ನು ಒಮ್ಮೆ ಮಾಡಿದರೆ ಚಮತ್ಕಾರ, ಐದು ಬಾರಿ ಮಾಡಿದರೆ ಚಾಳಿ.

ಚಿತ್ರೀಕರಣದ ಸಮಯದ ಕೆಲವು ದೋಷಗಳು ಶಾಟ್‌ಗಳ ಆಯ್ಕೆಯನ್ನೇ ನಿರ್ಧರಿಸುತ್ತವೆ. ಸೆಕೆಂಡಿಗೆ 24 ಫ್ರೇಮು ತೆಗೆಯುವಾಗ ಶಟರ್ ಸುಮಾರು 1/50 ಸೆಕೆಂಡು ತೆರೆದಿದ್ದರೆ ಚಲಿಸುವ ವಸ್ತುಗಳಲ್ಲಿ ಸಹಜವಾದ ಮಸುಕು ಬರುತ್ತದೆ. ಲೆನ್ಸಿಗೆ ಬರುವ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲದೆ ಉರಿಬಿಸಿಲಿನಲ್ಲಿ ಹಾರಿಸಿದಾಗ ಶಟರ್ 1/1000ಕ್ಕೋ ಅದಕ್ಕಿಂತ ಕಡಿಮೆಗೋ ಇಳಿದು, ಪ್ರತಿ ಫ್ರೇಮೂ ಕೆತ್ತಿದಂತೆ ಸ್ಪಷ್ಟವಾಗಿ, ಚಲನೆ ಮಾತ್ರ ಚೂರುಚೂರಾಗಿ ಕಾಣುತ್ತದೆ. ಕೃತಕ ಮಸುಕನ್ನು ಆಮೇಲೆ ಸೇರಿಸಬಹುದಾದರೂ ಎಲೆ, ಹುಲ್ಲುಗಳ ನಡುವೆ ಅದು ಎಡವುತ್ತದೆ. ಅದಕ್ಕಿಂತ ಸುಲಭದ ದಾರಿಯೆಂದರೆ ಅಂಥ ಫುಟೇಜಿನಿಂದ ಎತ್ತರದ ಶಾಟ್‌ಗಳನ್ನೇ ಆರಿಸಿಕೊಳ್ಳುವುದು. ಅಲ್ಲಿ ಚಿತ್ರ ನಿಧಾನವಾಗಿ ಸರಿಯುವುದರಿಂದ ಈ ಚೂರು ಎದ್ದು ಕಾಣುವುದಿಲ್ಲ. ನಿಂತಲ್ಲೇ ತಿರುಗುವ ಪ್ಯಾನ್‌ಗಳಿಗೂ ಒಂದು ಮಿತಿಯಿದೆ. ಒಂದು ವಸ್ತು ಚೌಕಟ್ಟಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ಸುಮಾರು ಏಳು ಸೆಕೆಂಡು ತೆಗೆದುಕೊಳ್ಳಬೇಕು ಎಂಬುದು 24 ಫ್ರೇಮುಗಳ ಚಿತ್ರೀಕರಣದಲ್ಲಿ ಛಾಯಾಗ್ರಾಹಕರು ಪಾಲಿಸುತ್ತ ಬಂದ ರೂಢಿ. ಮೇಲೆ ಹೇಳಿದ ಅಗಲ ಲೆನ್ಸಿಗೆ ಅದು ಸೆಕೆಂಡಿಗೆ ಸುಮಾರು 10 ಡಿಗ್ರಿಯಷ್ಟಾಗುತ್ತದೆ. ಅದಕ್ಕಿಂತ ಬಹಳ ವೇಗವಾಗಿ ತಿರುಗಿದ ಶಾಟ್‌ಗಳನ್ನು ಆಸೆಪಡದೆ ಬದಿಗಿಡುವುದು ಲೇಸು.

ಶಬ್ದದ ವಿಷಯಕ್ಕೆ ಬಂದರೆ, ಡ್ರೋನ್‌ನ ಹತ್ತಿರ ಕೇಳುವುದು ರೆಕ್ಕೆಗಳ ಗುಂಯ್‌ಗುಡುವಿಕೆ ಮಾತ್ರವಾದ್ದರಿಂದ ಈ ದೃಶ್ಯಗಳೆಲ್ಲ ಮೂಕವಾಗಿಯೇ ನಮ್ಮ ಕೈಸೇರುತ್ತವೆ ಎನ್ನಬಹುದು. ಆ ಖಾಲಿಯನ್ನು ಸಂಗೀತವೊಂದರಿಂದಲೇ ತುಂಬಿ, ಪ್ರತಿ ತಾಳಕ್ಕೂ ಒಂದು ಕಟ್ ಕೂರಿಸುವುದು ಮೊದಲು ಹೊಳೆಯುವ ಉಪಾಯ. ನಿಮಿಷಕ್ಕೆ 120 ಪೆಟ್ಟುಗಳ ಸಂಗೀತದಲ್ಲಿ ಪೆಟ್ಟಿಗೆ ಅರ್ಧ ಸೆಕೆಂಡು, ನಾಲ್ಕು ಪೆಟ್ಟುಗಳ ಒಂದು ಆವರ್ತಕ್ಕೆ ಎರಡು ಸೆಕೆಂಡು. ಪ್ರತಿ ಆವರ್ತದ ಮೊದಲ ಪೆಟ್ಟಿಗೆ ತಪ್ಪದೆ ಕಟ್ ಬೀಳುತ್ತಿದ್ದರೆ ಮೂರನೆಯ ಸಲಕ್ಕೇ ನೋಡುವವನು ಮುಂದಿನದನ್ನು ಊಹಿಸತೊಡಗುತ್ತಾನೆ, ಊಹೆ ನಿಜವಾದಷ್ಟೂ ಕುತೂಹಲ ಇಳಿಯುತ್ತದೆ. ಆದ್ದರಿಂದ ಕಟ್‌ಗಳನ್ನಲ್ಲ, ಶಾಟ್‌ನೊಳಗಿನ ಘಟನೆಯನ್ನು ಪೆಟ್ಟಿಗೆ ಹೊಂದಿಸಿ ನೋಡಬೇಕು. ದೀಪಸ್ತಂಭದ ಗಾಜಿನ ಕೋಣೆ ಬಂಡೆಯ ಮೇಲೆ ಇಣುಕುವ ಆ ಫ್ರೇಮು ಪೆಟ್ಟಿನ ಮೇಲೆ ಬೀಳಲಿ, ಕಟ್ ಎಲ್ಲಿ ಬೇಕಾದರೂ ಬೀಳಲಿ. ಸಂಗೀತದ ಅಡಿಯಲ್ಲಿ ಅಲೆಯ ಸದ್ದು, ಗಾಳಿ, ದೂರದ ಹಕ್ಕಿಯ ಕೂಗನ್ನು ಬೇರೆಯಾಗಿ ಸೇರಿಸಿ, ಮುಂದಿನ ಶಾಟ್‌ನ ಶಬ್ದವನ್ನು ಚಿತ್ರಕ್ಕಿಂತ ಅರ್ಧ ಸೆಕೆಂಡು ಮೊದಲೇ ತಂದರೆ ಕಟ್ ಎಷ್ಟು ಮೃದುವಾಗುತ್ತದೆ ಎಂಬುದನ್ನು ಒಮ್ಮೆ ಮಾಡಿಯೇ ತಿಳಿಯಬೇಕು.

ಕೆಲಸದ ಕ್ರಮದ ಬಗ್ಗೆ ಒಂದು ಮಾತು. ಕ್ಲಿಪ್‌ಗಳನ್ನು ಚೆಂದದ ಆಧಾರದ ಮೇಲೆ ಆರಿಸಲು ಕುಳಿತರೆ ಎಲ್ಲವೂ ಆಯ್ಕೆಯಾಗುತ್ತವೆ. ಬದಲಿಗೆ ಪ್ರತಿ ಕ್ಲಿಪ್‌ಗೂ ಒಂದು ಪುಟ್ಟ ವಾಕ್ಯ ಬರೆದಿಡುತ್ತೇನೆ: ‘ನದಿ ಊರನ್ನು ಎರಡಾಗಿ ಸೀಳುತ್ತದೆ’, ‘ದೋಣಿ ಒಂಟಿಯಾಗಿದೆ’. ಒಂದೇ ವಾಕ್ಯ ಮೂರು ಕ್ಲಿಪ್‌ಗಳಿಗೆ ಒಪ್ಪಿದರೆ ಅವುಗಳಲ್ಲಿ ಒಂದು ಉಳಿಯುತ್ತದೆ; ಯಾವ ವಾಕ್ಯವೂ ಹೊಳೆಯದಿದ್ದರೆ ಅದು ಎಷ್ಟೇ ಹೊಳೆಯುವ ಸೂರ್ಯಾಸ್ತವಾದರೂ ಹೊರಗೆ ಹೋಗುತ್ತದೆ. ಜೋಡಿಸಿದ ಮೇಲೆ ಶಬ್ದ ಆರಿಸಿ ಒಮ್ಮೆ ನೋಡುವುದು ಕಡ್ಡಾಯ, ಸಂಗೀತ ಮುಚ್ಚಿಟ್ಟಿದ್ದ ಜೊಳ್ಳೆಲ್ಲ ಆಗ ಬಯಲಾಗುತ್ತದೆ. ನೋಡುತ್ತಿರುವಾಗ ನನ್ನದೇ ಕೈ ಮೌಸಿನ ಕಡೆಗೆ ಚಲಿಸಿದ ಕ್ಷಣವನ್ನು ಗುರುತು ಹಾಕಿಕೊಳ್ಳುತ್ತೇನೆ. ಬೇಕಾದ ಕಟ್ ಬಹುಮಟ್ಟಿಗೆ ಅದಕ್ಕಿಂತ ಎರಡು ಸೆಕೆಂಡು ಹಿಂದೆ ಇರುತ್ತದೆ.

ಕೊನೆಯ ಶಾಟ್‌ಗೆ ಹಿಂದೆ ಸರಿದು ಮೇಲೇರುವ ಚಲನೆಯನ್ನು ಬಳಸುವುದು ಹಳೆಯ ಪದ್ಧತಿ, ಮತ್ತು ಅದು ಹಳೆಯದಾದರೂ ಕೆಡುಕೇನಲ್ಲ. ಅದನ್ನು ಕೆಡಿಸುವುದು ಡ್ರೋನ್ ಇನ್ನೂ ಚಲಿಸುತ್ತಿರುವಾಗಲೇ ಚಿತ್ರವನ್ನು ಕಪ್ಪಾಗಿಸುವ ಅವಸರ. ಚಲನೆ ಪೂರ್ತಿ ಇಳಿದು, ಡ್ರೋನ್ ಗಾಳಿಯಲ್ಲಿ ನಿಂತು, ಕ್ಯಾಮೆರಾವನ್ನು ಅಲುಗಾಡದಂತೆ ಹಿಡಿದಿಡುವ ಗಿಂಬಲ್ ಸ್ಥಿರವಾದ ಮೇಲೆ ಇನ್ನೆರಡು ಸೆಕೆಂಡು ಬಿಟ್ಟು, ಸಂಗೀತ ಮುಗಿದು ಅಲೆಯ ಸದ್ದು ಮಾತ್ರ ಉಳಿದಾಗ ಪರದೆಯನ್ನು ಕತ್ತಲಿಗೆ ಇಳಿಸಬೇಕು. ಅದಕ್ಕಾಗಿ ಹಾರಿಸುವವನು ನಿಂತ ಮೇಲೂ ಐದು ಸೆಕೆಂಡು ರೆಕಾರ್ಡಿಂಗ್ ಗುಂಡಿಯನ್ನು ಮುಟ್ಟದೆ ಕಾದಿರಬೇಕಾಗುತ್ತದೆ.